ಕೂಸಿನ ತಲೆದೆಸೆಯ ಹಸಿರು ಕಲ್ಲು

ನನ್ನ ಬಲಗೈಯ ಕಿರುಬೆರಳು ಇಂದಿಗೂ ಮಡಚುವುದಿಲ್ಲ. ಮುರಿದವನು ಅಣ್ಣ, ಬಾರುಕೋಲಿನಿಂದ, ಅದೂ ಬಾಣಂತಿ ಕೋಣೆಯೊಳಗೆ.

ಆಗ ನಾನು ಬೈಲಹೊಂಗಲದ ಕಡೆ ನೆಲ ಕೊರೆದು ಕಲ್ಲು ಪರೀಕ್ಷಿಸುವವರ ಬಳಿ ಕೂಲಿಗಿದ್ದೆ. ಕತ್ತಲೆ ಮಾಡಿದ ಡೇರೆಯಲ್ಲಿ ಸಾಹೇಬರು ಕಲ್ಲಿನ ತುಂಡುಗಳ ಮೇಲೆ ನೇರಳಾತೀತ ಬೆಳಕಿನ ಬ್ಯಾಟರಿ ಬಿಡುತ್ತಿದ್ದರು. ಯುರೇನಿಯಂ ಇದ್ದ ಕಡೆ ಕಲ್ಲು ಗಿಳಿಹಸಿರಾಗಿ ಹೊಳೆಯುತ್ತಿತ್ತು. ಬ್ಯಾಟರಿ ಆರಿಸಿದರೆ ಮತ್ತೆ ಬರೀ ಕಲ್ಲು. ಅಂಥದೊಂದು ತುಂಡನ್ನೂ ಒಂದು ಹಳೆಯ ಬ್ಯಾಟರಿಯನ್ನೂ ಕದ್ದು ಮುನವಳ್ಳಿಯ ಮನೆಗೆ ಒಯ್ದೆ. ನಾಲ್ಕು ಜನರೆದುರು ಮೆರೆಯುವ ಚಟ ನನಗೆ. ಅಣ್ಣನ ಹೆಂಡತಿ, ನನ್ನ ವೈನಿ, ಆಗಷ್ಟೇ ಬಸುರಿ. ಹಸಿರು ಬೆಳಕು ಕಂಡು ಕೈಮುಗಿದರು.

"ಎಲ್ಲಮ್ಮನ ಬೆಳಕೋ ಇದು," ಎಂದಳು ಅವ್ವ. ನಾನು ಅಲ್ಲವೆನ್ನಲಿಲ್ಲ. ಕಲ್ಲನ್ನೂ ಬ್ಯಾಟರಿಯನ್ನೂ ವೈನಿಯ ಕೈಗಿತ್ತು ಕೆಲಸಕ್ಕೆ ಮರಳಿದೆ.

ತಿಂಗಳುಗಳ ಮೇಲೆ, ಜೊತೆಗೆ ಕೂಲಿ ಮಾಡುವವನೊಬ್ಬನ ಬುತ್ತಿಗಂಟಿನಲ್ಲಿ ಅಂಥದೇ ಇನ್ನೊಂದು ಕಲ್ಲು ಸಿಕ್ಕಿತು. ಸಾಹೇಬರು ಅವನ ಕೆನ್ನೆಗೆ ರಪ್ಪನೆ ಬಾರಿಸಿದರು. "ಕಣ್ಣಿಗೆ ಕಾಣದ ವಿಷ ಐತಿ ಇದರಾಗ! ಮನ್ಯಾಗ ಇಟ್ಕೊಂಡು ಮಕ್ಕಳನ್ನ ಸಾಯಿಸತಿ ಏನಲೇ?" ಅವತ್ತೇ ನಾನು ಸಿಕ್ಕ ಬಸ್ಸು ಹತ್ತಿದೆ.

ಮನೆ ಮುಟ್ಟಿದಾಗ ಮಧ್ಯಾಹ್ನ. ವೈನಿ ಹೆತ್ತು ಐದನೆಯ ದಿನ, ಕೂಸಿನ ಹಣೆಬರಹ ಬರೆಯಲು ದೇವತೆ ಶೆಟಿಗೆವ್ವ ಬರುವ ದಿನ. ಬಾಗಿಲಲ್ಲೇ ಅವ್ವ ಹಿಗ್ಗಿನಿಂದ ಹೇಳಿದಳು: "ಕೂಸಿನ ತಲಿ ಹತ್ರ ಎಲ್ಲಾರೂ ಕುಡಗೋಲ ಇಡತಾರ. ನಾವು ನಿನ್ನ ಕಲ್ಲ ಇಟ್ಟೇವಿ. ಅದರ ಬೆಳಕಿನಾಗ ಶೆಟಿಗೆವ್ವ ಚಲೋ ಬರೀಲಿ."

ಅವಳನ್ನು ತಳ್ಳಿದೆ. ಹೊಸ್ತಿಲ ಮೇಲೆ ಬಿದ್ದಳು. ಗಂಡಸರು ಕಾಲಿಡದ ಕೋಣೆಗೆ ನುಗ್ಗಿ, ಭಂಡಾರದ ಅರಿಸಿನ ಬಳಿದ ಕಲ್ಲನ್ನು ಕಿತ್ತುಕೊಂಡೆ. ವೈನಿ ಚೀರಿದರು. ದನದ ಕೊಟ್ಟಿಗೆಯಿಂದ ಅಣ್ಣ ಬಾರುಕೋಲು ಹಿಡಿದೇ ಓಡಿಬಂದ. ಮೊದಲ ಏಟು ಬೆನ್ನಿಗೆ. ಎರಡನೆಯದಕ್ಕೆ ಕೈ ಅಡ್ಡ ಹಿಡಿದೆ, ಬೆರಳು ಲಟಕ್ಕೆಂದಿತು. ನಾನು ಅವನ ತೋಳು ಕಚ್ಚಿದೆ, ರಕ್ತ ಬಾಯಿಗೆ ಬಂತು. ಅಷ್ಟು ಸಿಟ್ಟು, ಅಷ್ಟೇ ಹೆದರಿಕೆ.

"ಹೊಡಿ! ಆದ್ರ ಕಲ್ಲ ಹೊರಗ ಒಯ್ಯಾಕ ಬಿಡು. ವಿಷ ಐತಿ, ಕೂಸಿಗೆ ಕುತ್ತು ಐತಿ!"

ಅಣ್ಣನ ಕೈ ನಿಂತಿತು. ವೈನಿ ಕೂಸನ್ನು ಎದೆಗೆ ಅವುಚಿಕೊಂಡು ನನ್ನನ್ನೇ ನೋಡಿದರು.

"ತಮ್ಮಾ, ನೀ ಕೊಟ್ಟ ದಿನದಿಂದ ಅದನ್ನ ಉಡಿಯಾಗ ಕಟಗೊಂಡ ಮಲಗೇನಲ್ಲೋ."

ಅಣ್ಣ ಮತ್ತೆ ಬಾರುಕೋಲೆತ್ತಿದ. ಈ ಸಲ ನಾನು ಕೈ ಅಡ್ಡ ಹಿಡಿಯಲಿಲ್ಲ.