ಬೆಕ್ಕು ಸುತ್ತುವ ತಾಮಿತ್

ಪೆರ್‌ಬಸ್ತ್ ಊರಿನಲ್ಲಿ ತಾಮಿತ್ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೆಕ್ಕಿನಂಗಳದ ಮುದುಕಿ ಎಂದರೆ ಚಿಕ್ಕ ಮಕ್ಕಳೂ ಮನೆ ತೋರಿಸುತ್ತಿದ್ದವು. ಬೆಕ್ಕಿನ ಮುಖದ ಬಸ್ತ್ ತಾಯಿಯ ಗುಡಿ, ಅದರ ಹಿಂದೆ ಎತ್ತರದ ಗೋಡೆಯ ಅಂಗಳ. ಸತ್ತ ಬೆಕ್ಕುಗಳನ್ನು ಅಲ್ಲಿ ನಾರುಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಕಣ್ಣು, ಮೀಸೆ ಬರೆಯುವುದು ಅವಳ ಕೆಲಸ. ಯಾತ್ರಿಕರು ಆ ಗಂಟು ಕೊಂಡು, ಕಿವಿಯಲ್ಲಿ ಹರಕೆ ಪಿಸುಗುಟ್ಟಿ ದೇವಿಗೆ ಒಪ್ಪಿಸುತ್ತಿದ್ದರು. ತಾನಾಗಿ ಸತ್ತ ಬೆಕ್ಕು ತಾಯಿಯ ಮಡಿಲು ಸೇರಿ ತಮ್ಮ ಮಾತು ಮುಟ್ಟಿಸುತ್ತದೆ ಎಂದು ಅವರ ನಂಬಿಕೆ. ತಾನಾಗಿ ಸಾಯಲು ಅವಕ್ಕೇನು ಕೇಡು! ಹಬ್ಬ ಬಂತೆಂದರೆ ಒಳಗಿನ ಗಂಡಸರು ಎಳೆ ಬೆಕ್ಕುಗಳ ಕತ್ತು ತಿರುವಿ ಬುಟ್ಟಿಗಟ್ಟಲೆ ತಂದು ಅವಳ ಮುಂದೆ ಸುರಿಯುತ್ತಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು. ಅದಕ್ಕೇ ಕೆಲಸಕ್ಕೆ ಸೇರಿದ ದಿನವೇ ಅವಳಿಂದ ದೇವಿಯ ಮೇಲೆ ಆಣೆ ಮಾಡಿಸಿಕೊಂಡಿದ್ದರು.

ಮಗ ಜೆಹೋನಿಗೂ ಅವಳು ನಿಜ ಹೇಳಿರಲಿಲ್ಲ. ಬಸಿರುಗಳು ಒಂದರ ಹಿಂದೊಂದು ಇಳಿದುಹೋದ ಮೇಲೆ ಬೆಕ್ಕಿನ ತಾಯಿತ ಕಟ್ಟಿಕೊಂಡು ಪಡೆದ ಮಗ ಅವನು. ತಾಯಿತದ ಬೆಕ್ಕಿನ ಜೊತೆ ಎಷ್ಟು ಮರಿ ಕೆತ್ತಿದೆಯೋ ಅಷ್ಟು ಮಕ್ಕಳು ಎಂಬ ನಂಬಿಕೆ. ಬಡವಿ ಒಂದೇ ಮರಿಯದನ್ನು ಕೊಂಡಿದ್ದಳು.

"ಒಳಗೆ ಏನ್ ಮಾಡ್ತೀಯವ್ವ ನೀನು?" ಎಂದು ಅವನು ಕೇಳಿದಾಗೆಲ್ಲ, "ಕಾಯಿಲೆ ಬಿದ್ದ ಬೆಕ್ಕಿಗೆ ಆರೈಕೆ ಮಾಡ್ತೀನಿ ಕಣೋ. ನನ್ನ ಕೈ ಸೋಕಿದ್ರೆ ಸಾಯೋದೂ ಎದ್ದು ಕೂರುತ್ತೆ" ಎನ್ನುತ್ತಿದ್ದಳು. ಸೂರ್ಯದೇವನ ಕಣ್ಣಾದ ಬಸ್ತ್ ತಾಯಿ ಸಿಂಹಿಣಿಯಾಗಿ ಇಳಿದು ಊರೂರನ್ನೇ ತಿಂದದ್ದು, ರಕ್ತವೆಂದು ಕೆಂಪು ಮದ್ಯ ಕುಡಿಸಿದಾಗ ಅಮಲೇರಿ ಬೆಕ್ಕಾಗಿ ಮಲಗಿದ್ದು, ಎಲ್ಲ ಕಥೆ ಹೇಳಿ, "ಹೆದರ್ಬೇಡ ಮಗಾ, ಈಗವಳು ಬರೀ ಬೆಕ್ಕು" ಎಂದು ತಲೆ ಸವರುತ್ತಿದ್ದಳು. ಮೀಸೆ ಬಂದು ಚಾಪೆ ಹೆಣೆಯತೊಡಗಿದ ಮೇಲೂ ಅವನು ಅದನ್ನೆಲ್ಲ ನಂಬಿಯೇ ಇದ್ದ.

ಅವತ್ತು ಹಬ್ಬ. ನದಿ ತುಂಬ ದೋಣಿ, ದೋಣಿ ತುಂಬ ಗಿಲಕಿ ಆಡಿಸುವ ಹೆಂಗಸರು, ಊರೆಲ್ಲ ಕುಡಿದು ತೂರಾಡುತ್ತಿತ್ತು. ಚಾಪೆ ಮಾರಿ ಬರುತ್ತಿದ್ದ ಜೆಹೋನ ಕಣ್ಣಿಗೆ ಮೀನಿನವನ ಜಗಲಿಯ ಕೆಳಗೆ ಒದ್ದಾಡುತ್ತಿದ್ದ ಬೆಕ್ಕು ಬಿತ್ತು. ಬುದ್ಧಿಯಿದ್ದವನು ಏನು ಮಾಡುತ್ತಿದ್ದ? ಮಾರು ದೂರ ಓಡಿ, ಎದೆ ಬಡಿದುಕೊಂಡು, "ನಾ ನೋಡಿದಾಗ್ಲೇ ಸತ್ತಿತ್ತು!" ಎಂದು ಅರಚುತ್ತಿದ್ದ. ಬೆಕ್ಕು ಕೊಂದವನಿಗೆ ಅಲ್ಲಿ ವಿಚಾರಣೆಯಿಲ್ಲ, ಕಲ್ಲೇ. ಈ ಪುಣ್ಯಾತ್ಮ ಅದನ್ನು ಎತ್ತಿಕೊಂಡು ಅವ್ವನ ಹತ್ತಿರ ಓಡಿದ! ದಾರಿಯಲ್ಲೇ ಅದು ಸತ್ತಿತು.

"ಬೆಕ್ಕು ಕೊಂದ!" ಎಂದರು ಯಾರೋ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಅವನು ಗುಡಿಯ ಹಿಂಬಾಗಿಲು ಮುಟ್ಟುವಷ್ಟರಲ್ಲಿ ಬೀದಿಗೆ ಬೀದಿಯೇ ಬೆನ್ನು ಹತ್ತಿತ್ತು.

"ಅವ್ವಾ, ಬದುಕಿಸವ್ವಾ ಇದನ್ನ!"

ತಾಮಿತ್‌ಳ ಬೆರಳು ಅಭ್ಯಾಸದಂತೆ ಕತ್ತಿಗೆ ಹೋಯಿತು. ಕತ್ತು ನೆಟ್ಟಗಿತ್ತು. ಬಾಯಿ ತೆರೆದು ನೋಡಿದಳು. ಗಂಟಲಲ್ಲಿ ಮೀನಿನ ಮುಳ್ಳು.

"ಇವನು ಕೊಂದಿಲ್ಲ ಕಣ್ರಪ್ಪಾ! ಮುಳ್ಳು ಸಿಕ್ಕಿ ಸತ್ತಿದೆ. ಕತ್ತು ಮುರಿದಿಲ್ಲ, ಮುಟ್ಟಿ ನೋಡಿ!"

"ಮುರಿದ ಕತ್ತು ಹೇಗಿರುತ್ತೆ ಅಂತ ನಿನಗೇನೇ ಗೊತ್ತು, ಮುದುಕಿ?" ಎಂದು ಮೀನಿನವ ಮುಂದೆ ಬಂದ.

ಬಾಗಿಲಲ್ಲಿದ್ದ ಗುಡಿಯ ಪಾರುಪತ್ತೇಗಾರ ನೆಸ್ಮಿನ್ ಸಣ್ಣಗೆ ಕೆಮ್ಮಿದ. ತಾಮಿತ್‌ಗೆ ಅದು ಕೇಳಿಸಿತು. ಆಣೆ, ಅನ್ನ ಎಲ್ಲ ಮಣ್ಣುಪಾಲಾಗಲಿ, ಮಗನಿಗಿಂತ ಹೆಚ್ಚೇ?

"ಗೊತ್ತು! ನಿಮ್ಮ ಕೈಲಿರೋ ಗಂಟೆಲ್ಲ ಕತ್ತು ಮುರಿದವೇ. ಒಳಗೇ ಮುರೀತಾರೆ, ನಾನೇ ಸುತ್ತೀನಿ. ಒಂದೇ ಒಂದು ಬಿಚ್ಚಿ ನೋಡ್ರಪ್ಪಾ!"

ಮುಂದೆ ನಿಂತಿದ್ದ ಹೆಂಗಸೊಬ್ಬಳ ಕಂಕುಳಲ್ಲಿ ಗಂಟಿತ್ತು. "ನೀನಾದ್ರೂ ಬಿಚ್ಚು ತಾಯಿ," ಎಂದು ತಾಮಿತ್ ಕೈ ಚಾಚಿದಳು, "ನಾನೂ ಹೆತ್ತವಳು."

ಮಗು ಬೇಕೆಂದು ಈಗಷ್ಟೇ ಅದರ ಕಿವಿಯಲ್ಲಿ ಹೇಳಿ ಬಂದಿದ್ದಳು ಆಕೆ. ಗಂಟನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡಳು.

"ಬಿಚ್ಚಲ್ಲ. ಸುಳ್ಳಿ ಇವಳು. ಹೊಡೀರಿ ಅವನನ್ನ!"

ಹೊಡೆದರು. ನೆಸ್ಮಿನ್ ಒಳಗಿನಿಂದ ಅಗಳಿ ಹಾಕಿಕೊಂಡ. ಬರೀ ಬೆಕ್ಕಂತೆ!

ಬೆಕ್ಕು ಸತ್ತ ಮನೆಯವರು ಹುಬ್ಬು ಬೋಳಿಸಿಕೊಂಡು ಸೂತಕ ಆಚರಿಸುವುದು ಅಲ್ಲಿನ ಪದ್ಧತಿ. ಮಗನ ಹೆಣ ಕೇಳಲು ಹೋದ ತಾಮಿತ್‌ಗೆ ಬೀದಿಯ ಹಿರಿಯರು, "ಮೊದ್ಲು ಬೆಕ್ಕಿನ ಸೂತಕಕ್ಕೆ ನಿನ್ನ ಹುಬ್ಬು ತೆಗೆಸು, ಆಮೇಲೆ ಮಗನ್ನ ಎತ್ಕೊಂಡ್ ಹೋಗು" ಎಂದರು. ಅವಳು ಕ್ಷೌರಿಕನ ಮುಂದೆ ಕುಳಿತಳು. ಬಳಿಕ ಜೆಹೋನನ್ನು ಅವನ ಚಾಪೆಯಲ್ಲೇ ಸುತ್ತಿ ಮರಳಲ್ಲಿ ಇಟ್ಟು ಬಂದಳು.

ಮರುದಿನ ನೀರಿಗೆ ಹೋದಾಗ ಅವಳ ಕಣ್ಣು ಸುರಿಯುತ್ತಲೇ ಇತ್ತು. ಹುಬ್ಬು ಬೋಳಿಸಿಕೊಂಡಿದ್ದ ಮೀನಿನವನ ಹೆಂಡತಿ ತಾನಾಗಿ ಬಂದು ಕೊಡ ಎತ್ತಿಕೊಟ್ಟಳು.

"ಸಾಕು ಬಿಡವ್ವಾ, ಎಷ್ಟೂಂತ ಅಳ್ತೀಯ," ಎಂದಳು. "ನಮ್ಮ ಬೆಕ್ಕು ಪುಣ್ಯ ಮಾಡಿತ್ತು, ಬಸ್ತ್ ತಾಯಿ ಮಡಿಲಿಗೆ ಹಾಕ್ಕೊಂಡಿರ್ತಾಳೆ."