ಲಿಂಬೆ ತಿಕ್ಕಿದ ಸಾಗವಾನಿ ಗೋಡೆ

ಬಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಒಬ್ಬ ನಿವೃತ್ತ ಶಿಕ್ಷಕಿಯ ಮನೆಯಿತ್ತು. ಅದರ ಮೇಲಂತಸ್ತಿನ ಮುಂಭಾಗಕ್ಕೆ ಕಲ್ಲಿನ ಬದಲು ಸಾಗವಾನಿ ಹಲಗೆ ಹೊಡೆದಿದ್ದರು. ಆ ಹಲಗೆಗಳ ಮೇಲೆ ಕೂತಿದ್ದ ಧೂಳನ್ನು ಹರವಿದ್ದರೆ ಎರಡೆಕರೆ ಜೋಳ ಬಿತ್ತಬಹುದಿತ್ತು. ರೈಲಿನ ಮಸಿ ಬೇರೆ. ಅದನ್ನು ತೊಳೆಯುವ ಕೆಲಸ ನಮ್ಮ ಕಾಕಾನಿಗೆ ಸಿಕ್ಕಿತ್ತು. ನನಗಾಗ ಹದಿನಾರು. ನನ್ನ ಅಭಿಪ್ರಾಯದಲ್ಲಿ, ಕಾಕಾನಿಗಿಂತ ದೊಡ್ಡ ಕೆಲಸಗಾರ.

ಮೂರನೆಯ ದಿನ ಕಾಕಾ ತೊಟ್ಟಿಲ ಕಾರ್ಯಕ್ಕೆಂದು ಟಿಕೋಟಾಕ್ಕೆ ಹೊರಟ.

"ಕೊನೀ ನಾಕು ಹಲಗಿ ನೀ ಒಬ್ಬನ ಮಾಡ್ಲೇ. ಅಂಟವಾಳದ ನೊರಿ, ತೆಂಗಿನ ನಾರು, ಇಷ್ಟ. ಕಟಗಿ ಎಳಿ ಹ್ಯಾಂಗ ಹೋಗೇತಿ ಹಂಗ ತಿಕ್ಕು. ಏಣಿ ಕಿಟಕಿ ಸರಳಿಗೆ ಕಟ್ಟಲಾರದ ಹತ್ತಬ್ಯಾಡ. ಕಲಿ ಬೀಳದಂಗ ಮಾಡಿದ್ರ ಬಬಲೇಶ್ವರದ ವಾಡೇದ ಕೆಲಸ ಪೂರಾ ನಿಂದು."

ಬಬಲೇಶ್ವರದ ವಾಡೆ! ಆ ದೊಡ್ಡ ಮನೆಯ ಮುಂಭಾಗವೆಲ್ಲ ಹಲಗೆಯೇ. ನನ್ನನ್ನು ನೋಡಲು ಆ ಊರಿನವರು ಆಗಲೇ ಮಾಳಿಗೆ ಏರಿ ನಿಂತಂತೆ ಕಾಣಿಸಿತು.

ಏಣಿಯನ್ನೇನೋ ಬಿಗಿಯಾಗಿ ಕಟ್ಟಿದೆ. ಬೀಳುವುದಕ್ಕೆ ನಾನು ಹೆದರುವವನಲ್ಲ, ಬಿದ್ದಾಗ ಜನ ನಗುವುದಕ್ಕೆ ಹೆದರುತ್ತೇನೆ. ಆದರೆ ಕೆಳಗೆ ನಿಂತಿದ್ದ ಒಬ್ಬ ಟಾಂಗಾದವನು ಸುಮ್ಮನಿರಬೇಕಲ್ಲ!

"ಏನಲೇ, ಗ್ವಾಡಿ ತಿಕ್ಕಾಕತ್ತೀಯೋ, ಕೂಸಿಗೆ ಎರಿಯಾಕತ್ತೀಯೋ?"

ಸರ್ರನೆ ಇಳಿದೆ. ಅರಿವೆ ಒಗೆಯುವ ಕಲ್ಲಿನ ಮೇಲಿದ್ದ ಸೋಡಾ ಎರಡು ಹಿಡಿ ಬಕೆಟ್ಟಿಗೆ ಸುರಿದುಕೊಂಡು ಮತ್ತೆ ಏರಿದೆ. ಒಂದೇ ಉಜ್ಜಿಗೆ ಕೊಳೆ ಹಳ್ಳದಂತೆ ಹರಿಯಿತು. ಟಾಂಗಾದವನು ಶಿಳ್ಳೆ ಹೊಡೆದ. ನಾನು ಏಣಿಯ ಮೇಲಿಂದಲೇ ಸಲಾಮು ಹೊಡೆದೆ. ಹಲಗೆ ಒಣಗಿತು ನೋಡಿ, ಮೊರದಷ್ಟು ಅಗಲ ಕಪ್ಪಾಗಿ, ಹಂಚಿನ ತಳವೇ ನಾಚಬೇಕು!

ಅದರ ಮೇಲೆ ಒದ್ದೆ ಬಟ್ಟೆ ಇಳಿಬಿಟ್ಟೆ. ಅಷ್ಟರಲ್ಲಿ ಶಿಕ್ಷಕಿ ಹೊರಗೆ ಬಂದರು.

"ತಮ್ಮಾ, ಆ ಅರಿವಿ ತಗಿ."

"ಹಲಗಿಗೆ ಬಿಸಲು ಬಡೀತೈತ್ರಿ ಅಕ್ಕೋರ, ನೆರಳು ಮಾಡೇನಿ."

"ಮೂವತ್ತು ವರ್ಷ ಸಾಲ್ಯಾಗ ನಿನ್ನಂಥಾವ್ರನ್ನ ನೋಡೇನಿ. ತಗಿ."

ತೆಗೆದೆ. ಕಣ್ಣೆದುರೇ ಬಬಲೇಶ್ವರ ಮುಳುಗಿತು. ನಾನು ಕೆಳಗಿಳಿಸಿದ ಬಕೆಟ್ಟಿನೊಳಗೆ ಅಕ್ಕೋರು ಇಣುಕಿದರು.

"ಸೋಡಾ ಹಾಕಿಯೇನೋ ಶಾಣ್ಯಾ? ನಾನೂ ದೇವರ ಮನಿ ಬಾಗಲ ಹಿಂಗ ಕೆಡಿಸಿದ್ದೆ. ಮದ್ಲ ನೀರು ಹೊಡದು ಸೋಡಾ ಬಿಡಿಸು. ಆಮ್ಯಾಲ ಲಿಂಬಿಹಣ್ಣು ತಿಕ್ಕಿ, ಮತ್ತ ನೀರು ಹಾಕು."

ನಲವತ್ತು ಬಕೆಟ್ ನೀರು ಹೊತ್ತೆ. ಸರಿ, ಒಂಬತ್ತು. ಮರದ ಎಳೆಯ ಉದ್ದಕ್ಕೂ ಲಿಂಬೆ ಹೋಳು ತಿಕ್ಕಿದಂತೆ ಕಪ್ಪು ಬಿಟ್ಟಿತು, ಬಂಗಾರದಂಥ ಬಣ್ಣ ಎದ್ದಿತು. ಈಗ ಹೊಸ ಪೀಡೆ: ಆ ಒಂದು ಹಲಗೆಯ ಮುಂದೆ ಉಳಿದ ಗೋಡೆಯೆಲ್ಲ ಹೊಲಸಾಗಿ ಕಂಡಿತು!

ಅಕ್ಕೋರು ಸೆರಗು ಬಾಯಿಗೆ ಹಚ್ಚಿ ನಕ್ಕರು. ಓಣಿಯ ಮನೆಮನೆಯಿಂದ ಲಿಂಬೆ ತರಿಸಿದರು. ಟಾಂಗಾದವನು ತಾನೇ ಹೆಚ್ಚಿ ಹೆಚ್ಚಿ ಕೊಟ್ಟ. ಸಂಜೆಯ ಹೊತ್ತಿಗೆ ಸ್ಟೇಷನ್ ರಸ್ತೆಯೆಲ್ಲ ಶರಬತ್ತಿನ ವಾಸನೆ. ರೈಲಿಳಿದವರಿಗೆ ಹಾದಿಯಲ್ಲೇ ಬಾಯಾರಿಕೆ.

ಕಾಕಾ ಬಂದ. ಗೋಡೆ ನೋಡಿದ. ಏಣಿ ಹತ್ತಿ ಹಲಗೆಗೆ ಮೂಗು ಹಚ್ಚಿದ.

"ಅಂಟವಾಳ ಯಾವಾಗಿಂದ ಲಿಂಬಿ ನಾರಾಕತ್ತೈತಲೇ?"

ಮೂರು ಸುಳ್ಳು ಸಿದ್ಧವಿದ್ದವು, ಮೂರೂ ಚಲೋವೇ. ಆದರೆ ಅಕ್ಕೋರು ನನ್ನನ್ನೇ ನೋಡುತ್ತಿದ್ದರು. ಎಲ್ಲವನ್ನೂ ಒದರಿಬಿಟ್ಟೆ. ಕಾಕಾ ಹಲಗೆಯ ಮೇಲೆ ಅಂಗೈ ಸವರಿ ಏಣಿ ಇಳಿದ.

"ಕೆಡಿಸಿದ್ದನ್ನ ನೀನ ನೆಟ್ಟಗ ಮಾಡೀದಿ. ನಾಳೆ ಬಬಲೇಶ್ವರಕ್ಕ ಹೋಗು. ಆದ್ರ ಏನ ಹಚ್ಚೂದಿದ್ರೂ ಮದ್ಲ ಮೂಲ್ಯಾಗ ಅಂಗೈಯಷ್ಟು ತಿಕ್ಕಿ, ಒಣಗೂತನಕ ಸುಮ್ಮನ ಕೂಡ್ರು."

ಮರುದಿನ ವಾಡೆಯ ಮುಂದೆ ಹಾಗೆಯೇ ಮಾಡಿದೆ. ಮೂಲೆಯಲ್ಲಿ ಅಂಗೈಯಷ್ಟು ತಿಕ್ಕಿ, ಕೈಕಟ್ಟಿ, ಅದನ್ನೇ ದಿಟ್ಟಿಸುತ್ತ ಕೂತೆ. ನೆರೆದವರಲ್ಲಿ ಒಬ್ಬಳು ಮುದುಕಿ ಪಿಸುಗುಟ್ಟಿದಳು:

"ಸುಮ್ನಿರ್ರೇ, ಹುಡುಗ ಮಂತ್ರಾ ಹಾಕಾಕತ್ತಾನ."

ನಾನು ಅಲ್ಲವೆನ್ನಲಿಲ್ಲ. ತುಟಿಯನ್ನು ಸ್ವಲ್ಪ ಅಲುಗಾಡಿಸಿದೆ.