ಸತ್ತ ಮೇಲೆ ವಿಮಲಾ ನಕ್ಕಿದ್ದು

ನಮ್ಮ ವಿಮಲಾ ಚೆನ್ನಾಗಿ ಸಾಯುತ್ತಿದ್ದಳು. ಭದ್ರಾವತಿ ಸುತ್ತಮುತ್ತ ನಾಟಕ ಆಡಿಸುವವರೆಲ್ಲ ಹಾಗೆಯೇ ಹೇಳುತ್ತಿದ್ದರು. ಅವಳಿಗಿಂತ ಚೆನ್ನಾಗಿ ಹಾಡುವವರಿದ್ದರು, ಅವಳಿಗಿಂತ ಬಣ್ಣ ಇದ್ದವರೂ ಇದ್ದರು. ಆದರೆ ಸಾಯುವ ಪಾತ್ರ ಇದೆ ಅಂದರೆ ಅವಳ ಮನೆ ಮುಂದೆಯೇ ವ್ಯಾನು ಬಂದು ನಿಲ್ಲುತ್ತಿತ್ತು.

ಅವಳ ತಾಯಿ ಒಂದು ನಾಟಕ ಕಂಪನಿಯಲ್ಲಿ ಅಡುಗೆ ಮಾಡಿಕೊಂಡಿದ್ದವಳು. ಕಂಪನಿ ಶಿವಮೊಗ್ಗದಲ್ಲಿ ಕ್ಯಾಂಪ್ ಹಾಕಿದ್ದಾಗ ಮುಚ್ಚಿಹೋಯಿತು. ಪರದೆ, ಪೆಟ್ಟಿಗೆಗಳನ್ನು ಯಾರು ಯಾರೋ ಹೊತ್ತುಕೊಂಡು ಹೋದರು, ತಾಯಿ ಮಗಳು ಇಲ್ಲೇ ಉಳಿದರು. ತಾಯಿ ತೀರಿಕೊಂಡ ಮೇಲೆ ವಿಮಲಾ ಭದ್ರಾವತಿ ಹಳೇನಗರಕ್ಕೆ ಬಂದು ನಮ್ಮ ಪಕ್ಕದ ಕೋಣೆ ಹಿಡಿದಳು, ನನ್ನನ್ನು ಹಾಲಕ್ಕ ಎಂದು ಕರೆಯತೊಡಗಿದಳು. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಅಂತ ಕೇಳಿದವರಿಗೆ, "ವಾರವಾರವೂ ಒಬ್ಬೊಬ್ಬ ಗಂಡನ ಕಾಲ ಮೇಲೆ ಬಿದ್ದು ಸಾಯ್ತೀನಲ್ಲ, ಇನ್ನೊಬ್ಬ ಯಾಕೆ" ಅನ್ನುತ್ತಿದ್ದಳು.

ನನ್ನ ಯಜಮಾನರು ಆಸ್ಪತ್ರೆಯಲ್ಲಿ ಕೊನೆ ಉಸಿರು ಎಳೆಯುವಾಗ ಅವಳು ನನ್ನ ಜೊತೆಗಿದ್ದಳು. ಮಾರನೇ ವರ್ಷ ಒಂದು ನಾಟಕದಲ್ಲಿ ಅವಳು ಸಾಯುವುದನ್ನು ನೋಡಿದೆ. ಮೊದಲು ಬೆರಳುಗಳು ಬಿಟ್ಟುಕೊಂಡವು, ಆಮೇಲೆ ಕತ್ತು ವಾಲಿತು, ಕಣ್ಣು ಕೊನೆಗೆ. ಯಜಮಾನರದೂ ಹಾಗೆಯೇ ಆಗಿತ್ತು.

ಅವಳಿಗೆ ಒಂದು ನೇಮ ಇತ್ತು. ಪರದೆ ಬಿದ್ದ ಮೇಲೆ ಯಾರಾದರೂ ಹತ್ತಿರ ಹೋಗಿ, ಪಾತ್ರದ ಹೆಸರಲ್ಲ, ಅವಳ ಸ್ವಂತ ಹೆಸರು ಹಿಡಿದು ಕರೆಯಬೇಕು. ಅವಳು ಕಣ್ಣು ಬಿಟ್ಟು, ಕರೆದವರ ಮುಖ ನೋಡಿ ನಕ್ಕು, ಆಮೇಲೆ ಏಳುವಳು. ಸತ್ತ ಹಾಗೆ ಮಾಡಿದ್ದು ಮೈಗೆ ಅಂಟಿಕೊಳ್ಳಬಾರದು ಎಂದು ಕಂಪನಿಯ ಹಿರಿಯರು ಕಲಿಸಿದ್ದಂತೆ. ನಾನು ಜೊತೆಗೆ ಹೋದಾಗೆಲ್ಲ ಕರೆಯುವ ಕೆಲಸ ನನ್ನದು.

ಎರಡು ಸಾವಿರದ ಒಂದನೇ ಇಸವಿಯಲ್ಲಿ ನಾನು ಒಂದು ಹಳೆಯ ಟಾಕೀಸಿನಲ್ಲಿ ಹೆಂಗಸರ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದೆ. ದೊಡ್ಡ ಸಿನಿಮಾಗಳು ಆ ಟಾಕೀಸಿಗೆ ಬರುವುದು ನಿಂತುಹೋಗಿತ್ತು. ಮ್ಯಾನೇಜರ್ ಗೋವಿಂದಯ್ಯನವರು ಸಿಕ್ಕಿದ್ದನ್ನು ಹಾಕುತ್ತಿದ್ದರು. ಆಗ ಬಂದವನು ಆನಂದ್. ಅವನ ಮನೆ ಶಿವಮೊಗ್ಗದ ವಿನೋಬನಗರದಲ್ಲಿ, ಸ್ಟುಡಿಯೋ ಸವಳಂಗ ರಸ್ತೆಯಲ್ಲಿ. ಮದುವೆಗಳ ವಿಡಿಯೋ ತೆಗೆಯುವುದು ಅವನ ಕಸುಬು. ಅದೇ ಕ್ಯಾಮೆರಾದಲ್ಲಿ ಒಂದು ಕೊಲೆ ಸಿನಿಮಾ ಮಾಡುತ್ತೇನೆ, ಪ್ರೊಜೆಕ್ಟರ್ ಬಾಡಿಗೆಗೆ ತಂದು ನಿಮ್ಮಲ್ಲೇ ತೋರಿಸುತ್ತೇನೆ ಎಂದು ಗೋವಿಂದಯ್ಯನವರನ್ನು ಒಪ್ಪಿಸಿದ.

ಕಥೆ ಇಷ್ಟೇ: ವೆಲ್ಡಿಂಗ್ ಮಾಡುವವರ ಮುಖವಾಡ ಹಾಕಿಕೊಂಡ ಒಬ್ಬ, ಸೆಕೆಂಡ್ ಶಿಫ್ಟ್ ಮುಗಿದ ಮೇಲೆ ಕಾರ್ಖಾನೆಯ ಕ್ವಾರ್ಟರ್ಸ್ ಕ್ವಾರ್ಟರ್ಸಿಗೂ ಹೋಗಿ ಒಬ್ಬೊಬ್ಬರನ್ನೇ ಕತ್ತಿಯಲ್ಲಿ ಕೊಲ್ಲುತ್ತಾನೆ. ಹೆಸರು 'ಶಿಫ್ಟ್ ಮುಗಿದ ಮೇಲೆ'. ಜನ ಬಿಟ್ಟುಹೋದ ಒಂದು ಹಳೇ ಕ್ವಾರ್ಟರ್ಸಿನಲ್ಲಿ ಹಗಲು ಹೊತ್ತಿನಲ್ಲೇ ಕಿಟಕಿಗೆ ಕಂಬಳಿ ಕಟ್ಟಿ ತೆಗೆದರು. ಕೊನೆಯಲ್ಲಿ ಸಾಯುವ ಹೆಂಗಸಿನ ಪಾತ್ರ ವಿಮಲಾಗೆ ಬಂತು.

"ವಿಮಲಕ್ಕ, ಸಾಯುವಾಗ ಜೋರಾಗಿ ಕಿರುಚಬೇಕು" ಅಂದ ಆನಂದ್.

"ಕುತ್ತಿಗೆ ಕೊಯ್ದ ಮೇಲೆ ಎಲ್ಲಿಂದ ಕಿರುಚಲಿ ಮಾರಾಯ?"

"ಸಿನಿಮಾದಲ್ಲಿ ಎಲ್ಲರೂ ಕಿರುಚ್ತಾರೆ ಅಕ್ಕ."

"ಹಾಗಾದರೆ ಅವರಿಗೆ ಸರಿಯಾಗಿ ಕೊಯ್ದಿಲ್ಲ."

ಆನಂದ್ ತಂದಿದ್ದ ಬಣ್ಣ ಮೊದಲ ಹೆಣಗಳಿಗೇ ಖರ್ಚಾಗಿತ್ತು. ನಾನು ಅರಿಸಿನಕ್ಕೆ ಸುಣ್ಣ ಕಲಸಿ, ಆರತಿಗೆ ಮಾಡುವ ಕೆಂಪು ನೀರನ್ನೇ ಸ್ವಲ್ಪ ಗಟ್ಟಿಯಾಗಿ ಮಾಡಿಕೊಟ್ಟೆ. ವಿಮಲಾ ಕಿರುಚದೆ ಸತ್ತಳು. ಮುಖವಾಡ ಹಾಕಿದ್ದವನು ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿ ನಿಂತುಬಿಟ್ಟ. ಆನಂದ್ "ಆಯ್ತು, ಏಳಿ ಅಕ್ಕ" ಅಂದ. ಅವಳು ಏಳಲಿಲ್ಲ. ನಾನು ಹತ್ತಿರ ಹೋದೆ.

ಕಣ್ಣು ಮುಚ್ಚಿಕೊಂಡೇ ಕೇಳಿದಳು: "ಕ್ಯಾಮೆರಾ ನಡೀತಾ ಇದೆಯಾ?"

"ಆಫ್ ಮಾಡಿದೆ" ಅಂದ ಆನಂದ್.

"ಆನ್ ಮಾಡು. ನಾನು ಸತ್ತಿದ್ದನ್ನ ಅದು ನೋಡಿದೆ. ನಕ್ಕಿದ್ದನ್ನೂ ಅದೇ ನೋಡಬೇಕು."

ಅವನು ಆನ್ ಮಾಡಿದ. ನಾನು ಕರೆದೆ. ಅವಳು ಕಣ್ಣು ಬಿಟ್ಟು, ಕ್ಯಾಮೆರಾ ನೋಡಿ ನಕ್ಕು, ಎದ್ದು ಕೈ ತೊಳೆಯಲು ಹೋದಳು.

ಸಿನಿಮಾ ಸೆಪ್ಟೆಂಬರಿನ ಕೊನೆಯ ಶುಕ್ರವಾರ ಮ್ಯಾಟಿನಿಗೆ ಬಂತು. ಹೆಂಗಸರ ಕಡೆ ಬೆಂಚುಗಳು ಅರ್ಧ ತುಂಬಿದ್ದವು. ವಿಮಲಾ ಬಾಗಿಲ ಹತ್ತಿರ, ನನ್ನ ಪಕ್ಕ ಕೂತಳು. ನಮ್ಮ ಕಡೆಯ ಹೆಂಗಸರು ಹೆದರುವುದಕ್ಕಿಂತ ಹೆಚ್ಚಾಗಿ ತಪ್ಪು ಹುಡುಕುತ್ತಾರೆ. ಅದು ಆ ಬಾಗಿಲಲ್ಲಿ ನಿಂತು ನಾನು ಕಂಡುಕೊಂಡಿದ್ದು.

"ಅಲ್ಲ ಕಣೆ, ಈ ಹೊತ್ತಲ್ಲಿ ಬಾಗಿಲು ಬಡಿದರೆ ಯಾರು ಅಂತ ಕೇಳದೆ ತೆಗೀತಾಳಾ?"

"ತೆಗೀಲಿ ಬಿಡು. ಸ್ಟೌ ಆರಿಸದೆ ಓಡ್ತಾ ಇದಾಳೆ ನೋಡು. ಇವಳನ್ನ ಅವನು ಕೊಲ್ಲದಿದ್ರೆ ಹಾಲು ಉಕ್ಕಿಸಿದ್ದಕ್ಕೆ ಅವಳ ಅತ್ತೆನೇ ಕೊಲ್ತಾಳೆ."

"ಅದು ರಕ್ತ ಅಲ್ಲ ಕಣ್ರೇ, ಆರತಿ ನೀರು. ಸೆರಗಿನ ಅಂಚಲ್ಲಿ ಆಗಲೇ ಹಳದಿ ಬಂತು."

ಅದು ನಿಜ. ಅರಿಸಿನ ಸುಣ್ಣದ ಕೆಂಪು ಬಟ್ಟೆಯ ಮೇಲೆ ಬಹಳ ಹೊತ್ತು ನಿಲ್ಲುವುದಿಲ್ಲ. ನಾನು ಅದನ್ನು ಯೋಚಿಸಿರಲಿಲ್ಲ.

ವಿಮಲಾ ಸಾಯುವ ಭಾಗ ಬಂದಾಗ ಮಾತುಗಳು ನಿಂತವು. ಗಂಡಸರ ಕಡೆ ಸಿಳ್ಳೆಯೂ ನಿಂತಿತು. ಬೆರಳು ಬಿಟ್ಟುಕೊಂಡವು, ಕತ್ತು ವಾಲಿತು, ಕಣ್ಣು ಮುಚ್ಚಿತು. ಇಲ್ಲಿಗೆ ಮುಗಿದಿದ್ದರೆ ಒಳ್ಳೆಯದಿತ್ತು. ಹೆಣ ಕಣ್ಣು ಬಿಟ್ಟಿತು. ನಿಧಾನಕ್ಕೆ, ಬಹಳ ನಿಧಾನಕ್ಕೆ, ಮದುಮಗಳು ಬಾಸಿಂಗ ಕಟ್ಟಿಸಿಕೊಂಡು ತಲೆ ಎತ್ತುವಾಗ ವಿಡಿಯೋದಲ್ಲಿ ಮಾಡುತ್ತಾರಲ್ಲ, ಹಾಗೆ ತಲೆ ಎತ್ತಿ ನಕ್ಕಿತು. ಹಿಂದೆ ಕೊಳಲು ಕೇಳಿಸಿತು. ಆಮೇಲೆ ಟಾಕೀಸಿಗೆ ಟಾಕೀಸೇ ನಕ್ಕಿತು.

ವಿಮಲಾ ಸೆರಗು ತಲೆ ಮೇಲೆ ಎಳೆದುಕೊಂಡು ದೀಪ ಹಾಕುವ ಮೊದಲೇ ಹೊರಗೆ ಹೋದಳು.

ಅವಳಿಗೆ ನಗು ಬೇಜಾರಿರಲಿಲ್ಲ. ಹಾಸ್ಯದ ಪಾತ್ರವನ್ನೂ ಮಾಡಿದವಳೇ. ಭಯ ಇದ್ದದ್ದು ನವೆಂಬರ್ ಒಂದರದು. ಕಾರ್ಖಾನೆ ಕಾಲೋನಿಯ ಸಂಘದವರು ಪ್ರತಿ ರಾಜ್ಯೋತ್ಸವಕ್ಕೆ ನಾಟಕ ಆಡುತ್ತಿದ್ದರು, ಆಡಿಸುವವರು ಭೈರಪ್ಪನವರು. ಸುತ್ತಿನ ಹಳ್ಳಿಗಳ ನಾಟಕದವರು ಅಲ್ಲಿಗೆ ಬಂದು ನೋಡಿ, ಆ ಸುಗ್ಗಿಗೆ ಯಾವ ಕಲಾವಿದೆ ಬೇಕು ಎಂದು ಗೊತ್ತುಮಾಡಿಕೊಂಡು ಹೋಗುತ್ತಿದ್ದರು. ಆ ವರ್ಷದ ನಾಟಕದಲ್ಲಿ ವಿಷ ಕುಡಿದು ಸಾಯುವ ರಾಣಿಯ ಪಾತ್ರ ವಿಮಲಾದು. ರಾಣಿ ಸತ್ತಾಗ ಜನ ನಕ್ಕರೆ, ಮುಂದೆ ಯಾವ ಊರಿನ ವ್ಯಾನೂ ನಮ್ಮ ಬೀದಿಗೆ ಬರುವುದಿಲ್ಲ. ಅವಳಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ ಸವಳಂಗ ರಸ್ತೆಗೆ ಹೋದೆವು. ಆನಂದ್ ಯಾರದೋ ಆರತಕ್ಷತೆಯನ್ನು ಕಂಪ್ಯೂಟರಿನಲ್ಲಿ ಕತ್ತರಿಸುತ್ತ ಕೂತಿದ್ದ.

"ನನಗೂ ನಿನ್ನೆ ಪರದೆ ಮೇಲೆ ನೋಡಿದಾಗಲೇ ಗೊತ್ತಾಗಿದ್ದು ಅಕ್ಕ" ಅಂದ. "ಮದುವೆ ಕ್ಯಾಸೆಟ್ಟಲ್ಲಿ ಒಂದು ನಕ್ಕ ಮುಖ ಬಿಟ್ಟುಹೋದರೂ ಬೀಗರು ಜಗಳಕ್ಕೆ ಬರ್ತಾರೆ. ನಕ್ಕ ಮುಖ ಕಂಡರೆ ಕೈ ತಾನೇ ಸ್ಲೋ ಮಾಡಿ, ಕೊಳಲು ಹಾಕಿಬಿಡುತ್ತೆ. ನಿದ್ದೆಗಣ್ಣಲ್ಲಿ ಹಾಗೇ ಮಾಡಿದೀನಿ."

"ಹೆಣದ ಕಡೆಯಿಂದಲೂ ಬೀಗರು ಬರ್ತಾರೇನಪ್ಪ ಜಗಳಕ್ಕೆ?" ಅಂದಳು ವಿಮಲಾ.

"ತೆಗೀತೀನಿ. ಸೋಮವಾರ ಹೊಸ ಟೇಪು ಕೊಡ್ತೀನಿ."

ಮಾತಿನಂತೆ ಕೊಟ್ಟ. ಆದರೆ ಅಷ್ಟರಲ್ಲಿ ಊರಿಗೆಲ್ಲ ಸುದ್ದಿ ಆಗಿತ್ತು. ಸೋಮವಾರದ ಮ್ಯಾಟಿನಿಗೆ ಎರಡೂ ಕಡೆ ಬೆಂಚು ತುಂಬಿ, ಹಿಂದೆ ನಿಂತುಕೊಂಡೂ ನೋಡಿದರು. ವಿಮಲಾ ಸತ್ತಳು. ಜನ ಕಾದರು. ಹೆಣ ಕಣ್ಣು ಬಿಡಲಿಲ್ಲ. ಸಿನಿಮಾ ಮುಗಿದು ದೀಪ ಬಂತು.

"ಎಲ್ಲಯ್ಯಾ ನಗು? ಕಟ್ ಮಾಡಿದೀರಾ?" ಎಂದು ಗಂಡಸರ ಕಡೆಯಿಂದ ಕೂಗು ಎದ್ದಿತು. ಬೆಂಚು ಗುದ್ದಿದರು. ಶಿವಮೊಗ್ಗದ ಗೋಪಾಳದಿಂದ ಇದಕ್ಕೆಂದೇ ಬಂದಿದ್ದ ಒಬ್ಬ ಹೆಂಗಸು ನನ್ನ ಮುಖಕ್ಕೆ ಹೇಳಿದಳು: "ಶಿವಮೊಗ್ಗದಿಂದ ಬಂದಿದೀವಿ. ನಗದಿದ್ದರೆ ಇದರಲ್ಲಿ ನೋಡೋಕೆ ಇನ್ನೇನಿದೆ?"

ಗೋವಿಂದಯ್ಯನವರು ಅಂದೇ ಸಂಜೆಗೆ ಹಳೇ ಟೇಪು ಹಾಕಿಸಿದರು. ವಿಮಲಾ ಬಂದು ಕೇಳಿಕೊಂಡಳು.

"ನಾನೇನು ಮಾಡಲಮ್ಮ" ಅಂದರು ಅವರು. "ಐದು ಹೆಣ ಬೀಳೋ ಸಿನಿಮಾ. ನಾಲ್ಕು ಹೆಣ ಯಾರಿಗೂ ನೆನಪಿಲ್ಲ. ನಿಮ್ಮದೊಂದನ್ನೇ ನೋಡೋಕೆ ಬರ್ತಾರೆ."

ಸಿನಿಮಾ ಆ ಟಾಕೀಸಿನಲ್ಲಿ ಯಾರೂ ಎಣಿಸದಷ್ಟು ದಿನ ಓಡಿತು. ಬರಬರುತ್ತ ನಗುವವರು ಕಡಿಮೆಯಾದರು. ಎರಡನೇ ಸಲ ಬಂದವರು ನಗುತ್ತಿರಲಿಲ್ಲ. "ಅದೊಂದು ನೋಡಿದರೆ ಮೈ ಜುಂ ಅನ್ನುತ್ತೆ" ಎಂದು ಒಬ್ಬಳು ಪಕ್ಕದವಳ ಕೈ ಹಿಡಿದುಕೊಂಡಳು. "ಕೊಂದವನನ್ನ ಗುರುತು ಹಿಡಿದಳು, ಅದಕ್ಕೆ ನಕ್ಕಳು" ಎಂದು ಇನ್ನೊಬ್ಬಳು ಅರ್ಥ ಹೇಳಿದಳು. ಆರತಿ ನೀರಿನ ಮಾತು ಎತ್ತಿದ್ದವಳೇ ಮೂರನೇ ಸಲ ಬಂದು, ರಕ್ತ ಹಳದಿಯಾಗುವುದು ಹೆಣ ಏಳುವ ಸೂಚನೆ, ಬೇಕಂತಲೇ ಹಾಗೆ ಮಾಡಿದ್ದಾರೆ ಎಂದು ತನ್ನ ತಂಗಿಗೆ ವಿವರಿಸುತ್ತಿದ್ದಳು. ನಾನು ಟಿಕೆಟ್ ಹರಿದುಕೊಂಡು ಕೇಳಿಸಿಕೊಂಡೆ, ತಿದ್ದಲಿಲ್ಲ.

ಇದನ್ನೆಲ್ಲ ವಿಮಲಾಗೆ ಹೇಳಿದೆ. "ಹೆದರಲಿ, ನಗಲಿ, ಎರಡೂ ಒಂದೇ ಹಾಲಕ್ಕ" ಅಂದಳು. "ನಾನು ಸತ್ತಿದ್ದನ್ನ ಯಾರೂ ನೋಡ್ತಾ ಇಲ್ಲ. ಎದ್ದಿದ್ದನ್ನ ನೋಡ್ತಾ ಇದಾರೆ." ಬೀದಿಯಲ್ಲಿ ಅವಳಿಗೆ ಆಗಲೇ 'ನಗೋ ಹೆಣ' ಎಂದು ಹೆಸರು ಬಿದ್ದಿತ್ತು. ತರಕಾರಿ ಕೊಳ್ಳಲು ಹೋದರೆ, "ಒಂದು ಸಲ ನಕ್ಕುಬಿಡಮ್ಮ, ಒಂದು ಕಟ್ಟು ಕೊತ್ತಂಬರಿ ಹೆಚ್ಚಿಗೆ ಹಾಕ್ತೀನಿ" ಅನ್ನುತ್ತಿದ್ದರು.

ಅಕ್ಟೋಬರ್ ಕೊನೆಯಲ್ಲಿ ಭೈರಪ್ಪನವರು ಮನೆಗೆ ಬಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಮಾತು ತೆಗೆದರು.

"ವಿಮಲಮ್ಮ, ಸಂಘದವರು ಒಂದು ಮಾತು ಅಂತಾರೆ. ರಾಣಿ ಸತ್ತ ಮೇಲೆ, ಪರದೆ ಬೀಳೋಕೆ ಮುಂಚೆ, ಒಂದು ಸಲ ನಕ್ಕುಬಿಡಿ. ಜನ ಅದಕ್ಕೇ ಬರ್ತಾರೆ. ಕೂರೋಕೆ ಜಾಗ ಇರಲ್ಲ ನೋಡಿ."

"ರಾಣಿ ಯಾಕೆ ನಗ್ತಾಳೆ ಸಾರ್?"

"ಅದನ್ನೆಲ್ಲ ಯಾರು ಕೇಳ್ತಾರೆ?"

"ನಗದಿದ್ದರೆ?"

"ನೀವು ನಗದಿದ್ದರೂ ಜನ ನಗ್ತಾರಮ್ಮ. ಅದಕ್ಕೇ ಹೇಳಿದ್ದು."

"ಪಾತ್ರ ನನಗೇ ಇರಲಿ ಸಾರ್. ನಗೋ ವಿಚಾರ ಅವತ್ತು ನೋಡೋಣ" ಅಂದಳು. ಅವರು ಅದನ್ನೇ ಒಪ್ಪಿಗೆ ಎಂದುಕೊಂಡು ಹೋದರು.

ರಾಜ್ಯೋತ್ಸವದ ದಿನ ಬಾವುಟ, ಭಾಷಣ ಮುಗಿದು ಸಂಜೆ ಹೊತ್ತು ಮುಳುಗುವ ಮೊದಲೇ ನಾಟಕ ಶುರುವಾಯಿತು. ಕಾಲೋನಿಯ ಮೈದಾನ ತುಂಬಿ, ಕಾಂಪೌಂಡ್ ಗೋಡೆ ಮೇಲೂ ಕೂತಿದ್ದರು. ನಾನು ರಂಗದ ಪಕ್ಕದಲ್ಲಿ, ಪರದೆಯ ಮರೆಯಲ್ಲಿ ನಿಂತಿದ್ದೆ. ಮುಂದಿನ ಸಾಲಿನಲ್ಲಿ ಹಳ್ಳಿಗಳ ನಾಟಕದವರು ಇದ್ದರು. ಅವರಲ್ಲಿ ಹೊಳೆಹೊನ್ನೂರು ಕಡೆಯ ಪುಟ್ಟಪ್ಪನವರನ್ನು ಮಾತ್ರ ನನಗೆ ಗುರುತಿತ್ತು.

ರಾಣಿ ಬಂದ ಕೂಡಲೇ ಸಿಳ್ಳೆ ಬಿತ್ತು. ಅವಳು ಹಾಡಿದಾಗ ಯಾರೂ ಕೇಳಲಿಲ್ಲ. ಗಂಡ ಯುದ್ಧದಲ್ಲಿ ಸತ್ತ ಎಂಬ ಸುಳ್ಳು ಸುದ್ದಿ ಬಂತು, ವಿಷದ ಬಟ್ಟಲು ಬಂತು. ಕುಡಿದಳು. ಬೆರಳು ಬಿಟ್ಟುಕೊಂಡವು. ಕತ್ತು ವಾಲಿತು. ಕಣ್ಣು ಮುಚ್ಚಿತು.

"ನಗು ವಿಮಲಕ್ಕಾ" ಎಂದು ಗೋಡೆ ಮೇಲಿಂದ ಒಬ್ಬ ಕೂಗಿದ. ಮೈದಾನ ನಕ್ಕಿತು. ಪಕ್ಕದಿಂದ ಭೈರಪ್ಪನವರು ಸಣ್ಣ ದನಿಯಲ್ಲಿ, "ನಗ್ರೀ, ನಗ್ರೀ" ಅಂದರು. ಅವಳು ಮಿಸುಕಲಿಲ್ಲ. ಅವರು ಹಗ್ಗ ಹಿಡಿದಿದ್ದವನಿಗೆ ಪರದೆ ಬಿಡಬೇಡ ಎಂದು ಕೈ ಅಡ್ಡ ಮಾಡಿದರು. ನಗುವ ತನಕ ಇಳಿಸುವುದಿಲ್ಲ ಎಂಬ ಹಟ.

ಹಾಗಾಗಿ ವಿಮಲಾ ಬೆಳಕಿನಲ್ಲಿ ಸತ್ತು ಮಲಗಿಯೇ ಇದ್ದಳು. ಕೂಗಿದರು, ಚಪ್ಪಾಳೆ ತಟ್ಟಿ ಕರೆದರು, ಒಬ್ಬ ಕೊಳಲಿನ ಹಾಗೆ ಸಿಳ್ಳೆ ಹಾಕಿದ. ದೀಪದ ಹುಳ ಒಂದು ಬಂದು ಅವಳ ಕೆನ್ನೆ ಮೇಲೆ ಕೂತು, ತುಟಿಯ ಅಂಚಿಗೆ ನಡೆದು, ಮೂಗಿನ ಹತ್ತಿರ ಹೋಗಿ ನಿಂತಿತು. ಮುಂದಿನ ಸಾಲಿನವರು ಅದನ್ನು ಮೊದಲು ಕಂಡರು. ಅವರು ಸುಮ್ಮನಾದರು. ಅವರ ಹಿಂದಿನವರು ಯಾಕೆಂದು ನೋಡಿ ಸುಮ್ಮನಾದರು. ಸದ್ದು ಗೋಡೆಯವರೆಗೂ ಹಾಗೇ ಅಡಗುತ್ತ ಹೋಯಿತು.

ಹೆಂಗಸರ ಕಡೆಯಿಂದ ಒಂದು ದನಿ ಕೇಳಿತು: "ಏಯ್, ಯಾರಾದರೂ ಹೋಗಿ ನೋಡ್ರೋ. ಉಸಿರಾಡ್ತಾ ಇಲ್ಲ ಅವಳು."

ಭೈರಪ್ಪನವರು ಹಗ್ಗದವನನ್ನು ಪಕ್ಕಕ್ಕೆ ತಳ್ಳಿದರು. ತಾವೇ ಹಗ್ಗ ಬಿಟ್ಟರು. ಪರದೆ ಬಿತ್ತು. ಹೊರಗೆ ಚಪ್ಪಾಳೆ ಇಲ್ಲ, ಕೂಗಿಲ್ಲ.

ನಾನು ಹೋಗಿ ಪಕ್ಕದಲ್ಲಿ ಕೂತು ಕರೆದೆ. "ವಿಮಲಾ."

ಕಣ್ಣು ಬಿಟ್ಟಳು. ನಗಲಿಲ್ಲ. "ಜನ ಹೋದರಾ ಹಾಲಕ್ಕ?"

"ಇಲ್ಲ. ಕೂತಿದಾರೆ."

"ಹಾಗಾದರೆ ಇನ್ನು ಸ್ವಲ್ಪ ಹೊತ್ತು ಸತ್ತಿರ್ತೀನಿ" ಎಂದು ಮತ್ತೆ ಕಣ್ಣು ಮುಚ್ಚಿದಳು.

ಮುಂದಿನ ದೃಶ್ಯವನ್ನು ಬಿದ್ದ ಪರದೆಯ ಮುಂದೆ, ಉಳಿದಿದ್ದ ಇಷ್ಟು ಜಾಗದಲ್ಲೇ ಆಡಿ ಮುಗಿಸಿದರು. ಮಂಗಳ ಹಾಡಿ ಜನ ಎದ್ದು ಹೋಗುವ ತನಕ ಅವಳು ಒಳಗೆ ಹಲಗೆ ಮೇಲೆ ಮಲಗಿದ್ದಳು, ನಾನು ಕೂತಿದ್ದೆ. ಪುಟ್ಟಪ್ಪನವರು ಪರದೆ ಸರಿಸಿ ಇಣುಕಿ ನೋಡಿ, ಅವಳು ಮಲಗಿದ್ದು ಕಂಡು ಒಳಗೆ ಕಾಲಿಡದೆ ನಿಂತರು.

"ಅವರು ಎದ್ದ ಮೇಲೆ ಹೇಳಿಬಿಡಿ ಅಮ್ಮ" ಅಂದರು ನನಗೆ, ದನಿ ತಗ್ಗಿಸಿ. "ಸುಗ್ಗಿ ಕಳೆದ ಮೇಲೆ ನಮ್ಮೂರಿಗೆ ಬರಬೇಕು. ಮಗ ಸತ್ತ ಸುದ್ದಿ ಕೇಳಿ ಪ್ರಾಣ ಬಿಡೋ ತಾಯಿ ಪಾತ್ರ. ವ್ಯಾನು ಕಳಿಸ್ತೀವಿ."

ಅವರು ಹೋದರು. ಮೈದಾನದಲ್ಲಿ ಕುರ್ಚಿ ಮಡಚುವ ಸದ್ದು ಮಾತ್ರ ಉಳಿಯಿತು. ನಾನು ಇನ್ನೊಂದು ಸಲ ಅವಳ ಹೆಸರು ಹಿಡಿದು ಕರೆದೆ. ಅವಳು ಕಣ್ಣು ಬಿಟ್ಟು, ನನ್ನ ಮುಖ ನೋಡಿ ನಕ್ಕು, ಎದ್ದು ಕೂತು, ಮೂಗಿನ ಹತ್ತಿರ ಇನ್ನೂ ಕೂತಿದ್ದ ಆ ಹುಳವನ್ನು ಬೆರಳಲ್ಲಿ ತೆಗೆದು ಕೆಳಗೆ ಬಿಟ್ಟಳು.